ಪ್ರತಿಷ್ಠೆ ಮಾಡಿದವರು ವಿಸರ್ಜನೆಯನ್ನೂ ಕಲಿಯಬೇಕು

ದೇವತಾರ್ಚನೆಯ ವಿಧಿಯನ್ನು ಬಲ್ಲವರಿಗೆ ಒಂದು ಸಂಗತಿಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕಲಶದಲ್ಲಿ ದೇವತೆಯನ್ನು ಆವಾಹನೆ ಮಾಡುವ ಮಂತ್ರವು ಎಷ್ಟು ಮುಖ್ಯವೋ, ಪೂಜೆಯು ಮುಗಿದ ತರುವಾಯ ಉದ್ವಾಸನೆ ಮಾಡುವ ಮಂತ್ರವೂ ಅಷ್ಟೇ ಮುಖ್ಯವಾದುದು. ಭಾದ್ರಪದದಲ್ಲಿ ಮಣ್ಣಿನ ಗಣಪತಿಯನ್ನು ತಂದು ಕೂರಿಸುವ ಗೃಹಸ್ಥನು ಅದನ್ನು ಎಷ್ಟನೆಯ ದಿನ, ಯಾವ ಕೆರೆಗೆ, ಯಾವ ಕ್ರಮದಿಂದ ಬಿಡತಕ್ಕದ್ದೆಂಬುದನ್ನು ನಿಶ್ಚಯಿಸಿಕೊಂಡೇ ಕೂರಿಸುತ್ತಾನೆ. ಕೂರಿಸಬಲ್ಲ, ಬಿಡಲರಿಯ ಎಂದರೆ ಊರಿನವರು ನಗುವರು. ಇಂತಹ ವಿವೇಕವುಳ್ಳ ನಾಡಿನಲ್ಲಿ, ಅಪಾರ ದ್ರವ್ಯವನ್ನು ಸುರಿದು ಯಂತ್ರಸ್ಥಾವರಗಳನ್ನು ಪ್ರತಿಷ್ಠಾಪಿಸುವಾಗ ಮಾತ್ರ ವಿಸರ್ಜನೆಯ ಮಾತನ್ನೆತ್ತುವುದು ಅಪಶಕುನವೆಂಬಂತೆ ನಾವು ನಡೆದುಕೊಳ್ಳುತ್ತಿರುವುದು ವಿಚಿತ್ರವಾಗಿದೆ. ಅಣುಶಕ್ತಿಯ ಸ್ಥಾವರಗಳ ವಿಷಯದಲ್ಲಿಯಂತೂ ಈ ಮೌನವು ಅಪಾಯಕರವೂ ಆಗಿದೆ. ಚಳ್ಳಕೆರೆ ಮೊಳಕಾಲ್ಮೂರು ಸೀಮೆಯ ಜನರ ಪರವಾಗಿ ಈ ಮೌನವನ್ನು ಮುರಿಯುವುದು ಪತ್ರಿಕೆಯ ಧರ್ಮವೆಂದು ನಾವು ತಿಳಿದಿದ್ದೇವೆ.

ಸಂಗತಿಯು ವಾಚಕರಿಗೆ ಗೊತ್ತಿರುವುದೇ ಆಗಿದೆ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಭಾರತೀಯ ವಿಜ್ಞಾನ ಮಂದಿರಕ್ಕೆ ೧,೫೦೦ ಎಕರೆ, ಭಾಭಾ ಅಣುಶಕ್ತಿ ಸಂಶೋಧನ ಕೇಂದ್ರಕ್ಕೆ ಉಳ್ಳಾರ್ತಿ ಕಾವಲಿನಲ್ಲಿ ೧,೮೧೦ ಎಕರೆ, ರಕ್ಷಣಾ ಸಂಶೋಧನ ಸಂಸ್ಥೆಗೆ ೪,೨೯೦ ಎಕರೆ, ಬಾಹ್ಯಾಕಾಶ ಸಂಸ್ಥೆಗೆ ೫೭೩ ಎಕರೆ, ಹೀಗೆ ಎಂಟು ಸಾವಿರ ಎಕರೆಗೂ ಮಿಕ್ಕ ಹುಲ್ಲುಗಾವಲು ದೇಶಕಾರ್ಯಕ್ಕೆಂದು ಸಂದಿತು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯ ಕಾಲದಿಂದ ದನಗಳು ಮೇದು ಬಂದ ನೆಲವದು. ಕುರಿಯ ಉಣ್ಣೆಯಿಂದ ಕಂಬಳಿ ನೇಯುವವರೂ, ದೇವರ ಎತ್ತುಗಳನ್ನು ಕಾಯುವ ಮ್ಯಾಸನಾಯಕರೂ ಕಾಡುಗೊಲ್ಲರೂ ಆ ಹುಲ್ಲನ್ನೇ ನಂಬಿದ್ದವರು. ಭೂಮಿಯ ವಿಷಯವಾದ ವ್ಯಾಜ್ಯವು ಚೆನ್ನೈಯಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಪೀಠದವರೆಗೂ ಹೋಯಿತು. ೨೦೧೪ರಲ್ಲಿ ತೀರ್ಪೂ ಆಯಿತು. ಆ ವ್ಯಾಜ್ಯವನ್ನು ಮತ್ತೆ ಕೆದಕುವುದು ಈ ಲೇಖನದ ಉದ್ದೇಶವಲ್ಲ. ಭೂಮಿಯು ಸಂದಾಯವಾಗಿದೆ; ಬೇಲಿಯು ಎದ್ದಿದೆ. ಇನ್ನು ಆ ಬೇಲಿಯ ಒಳಗೆ ನಡೆಯುವ ಕಾರ್ಯಕ್ಕೂ ಹೊರಗಿರುವ ಜನರಿಗೂ ಯಾವ ಸಂಬಂಧವಿರತಕ್ಕದ್ದೆಂಬುದೇ ನಮ್ಮ ಪ್ರಶ್ನೆ.

ಉಳ್ಳಾರ್ತಿಯಲ್ಲಿ ಏಳುವುದು ವಿದ್ಯುತ್ತನ್ನು ಉತ್ಪತ್ತಿ ಮಾಡುವ ಸ್ಥಾವರವಲ್ಲ. ಚಿತ್ರದುರ್ಗ ಜಿಲ್ಲೆಯಲ್ಲಿ ಯುರೇನಿಯಮ್ಮಿನ ಸಾರವನ್ನು ಹೆಚ್ಚಿಸುವ ಎರಡನೆಯ ಕಾರ್ಖಾನೆಯು ಬರಲಿದೆಯೆಂದು ಅಣುಶಕ್ತಿ ಆಯೋಗದ ಅಂದಿನ ಅಧ್ಯಕ್ಷರಾಗಿದ್ದ ಡಾಕ್ಟರ್ ಶ್ರೀಕುಮಾರ ಬ್ಯಾನರ್ಜಿಯವರು ೨೦೧೧ರಲ್ಲಿ ಬಹಿರಂಗವಾಗಿಯೇ ತಿಳಿಸಿದ್ದರು. ಮೊದಲನೆಯದು ಮೈಸೂರಿನ ಸಮೀಪದ ರತ್ನಹಳ್ಳಿಯಲ್ಲಿದೆ. ಗಣಿಯಿಂದ ಬಂದ ಯುರೇನಿಯಮ್ಮಿನಲ್ಲಿ ಸುಲಭವಾಗಿ ಸೀಳುವ ಅಂಶವು ನೂರಕ್ಕೆ ೦.೭ರಷ್ಟು ಮಾತ್ರ ಇರುವುದು. ಅದನ್ನು ಹೆಚ್ಚಿಸಬೇಕಾದರೆ ಲೋಹವನ್ನು ಫ್ಲೋರಿನ್ನಿನೊಡನೆ ಕೂಡಿಸಿ ಅನಿಲವನ್ನಾಗಿ ಮಾಡಿ, ಅತಿ ವೇಗದಿಂದ ತಿರುಗುವ ಕೊಳವೆಗಳಲ್ಲಿ ಹಾಯಿಸಿ, ಮಜ್ಜಿಗೆಯಿಂದ ಬೆಣ್ಣೆಯನ್ನು ಬೇರ್ಪಡಿಸುವಂತೆ ಹಗುರವಾದುದನ್ನು ಭಾರವಾದುದರಿಂದ ಬೇರೆ ಮಾಡಬೇಕು. ಈ ಅನಿಲಕ್ಕೆ ಗಾಳಿಯ ತೇವವು ತಗುಲಿದರೆ ಉಗ್ರವಾದ ಹೈಡ್ರೋಫ್ಲೋರಿಕ್ ಆಮ್ಲವೂ ಯುರೇನಿಯಮ್ಮಿನ ಪುಡಿಯೂ ಹುಟ್ಟುವುವು. ಇದರಿಂದ ಜನರು ಭೀತರಾಗಬೇಕಾಗಿಲ್ಲ. ಎಚ್ಚರಿಕೆಯಿಂದ ನಡೆಸತಕ್ಕ ಕಾರ್ಯಗಳು ಲೋಕದಲ್ಲಿ ಬಹಳ ಇವೆ. ಆದರೆ ಎಂದಾದರೊಂದು ದಿನ ಆ ಕೊಳವೆಗಳು ಸವೆದು ನಿಲ್ಲುವುವು. ಒಳಗೋಡೆಗಳಿಗೆ ಅಂಟಿಕೊಂಡ ಪುಡಿ, ಮಲಿನವಾದ ಎಣ್ಣೆ, ಸಾರ ತೆಗೆದುಳಿದ ಯುರೇನಿಯಮ್ಮು ತುಂಬಿದ ಸಿಲಿಂಡರುಗಳು, ಕಾಂಕ್ರೀಟು, ಕೆಳಗಿನ ಮಣ್ಣು, ಇವೆಲ್ಲವನ್ನೂ ಅಳೆದು, ತೊಳೆದು, ಬಿಚ್ಚಿ, ಬೇರ್ಪಡಿಸಿ, ಭದ್ರಪಡಿಸಿ, ನೆಲವನ್ನು ಮತ್ತೆ ದನ ಮೇಯುವುದಕ್ಕೆ ಯೋಗ್ಯವಾಗುವಂತೆ ಒಪ್ಪಿಸುವವರು ಯಾರು?

ಇಂಗ್ಲಿಷಿನಲ್ಲಿ ಡಿಕಮಿಷನಿಂಗ್ ಎಂದು ಹೆಸರುಳ್ಳ ಈ ಕಾರ್ಯವನ್ನು ನಾವು ಸ್ಥಾವರವಿಸರ್ಜನೆಯೆಂದು ಕರೆಯುವೆವು. ಹಳೆಯ ಮನೆಯನ್ನು ಕೆಡಹುವಂತೆ ಹಾರೆ ಗುದ್ದಲಿಗಳಿಂದ ಮಾಡುವ ಕೆಲಸ ಇದಲ್ಲ. ಮೊದಲು ಯಾವ ಗೋಡೆಯಲ್ಲಿ, ಯಾವ ಕೊಳವೆಯಲ್ಲಿ ಎಷ್ಟು ವಿಕಿರಣವಿದೆಯೆಂದು ಚಾಚೂ ತಪ್ಪದೆ ಅಳೆಯಬೇಕು. ಮನುಷ್ಯನು ನಿಲ್ಲಲಾಗದ ಎಡೆಯಲ್ಲಿ ಯಂತ್ರದ ಕೈಗಳಿಂದ ಕತ್ತರಿಸಬೇಕು. ಕತ್ತರಿಸಿದುದರಲ್ಲಿ ಮತ್ತೆ ಬಳಸಬಹುದಾದುದನ್ನೂ, ಕೆಲವು ವರ್ಷ ಕಾದಿಡತಕ್ಕುದನ್ನೂ, ಸಿಮೆಂಟಿನಲ್ಲಿ ಅಥವಾ ಗಾಜಿನಲ್ಲಿ ಬಂಧಿಸಿ ತಲೆಮಾರುಗಳವರೆಗೆ ಕಾಯತಕ್ಕುದನ್ನೂ ಬೇರೆಬೇರೆ ಮಾಡಬೇಕು. ಅಂತರ್ಜಲವು ಯಾವ ದಿಕ್ಕಿಗೆ ಹರಿಯುತ್ತದೆ, ಧೂಳು ಯಾವ ಋತುವಿನಲ್ಲಿ ಎತ್ತ ಹಾರುತ್ತದೆ ಎಂಬುದನ್ನು ಬಲ್ಲವರು ಬೇಕು. ಖರ್ಚನ್ನು ಲೆಕ್ಕ ಹಾಕುವವರೂ, ಶಾಸನವನ್ನು ಬಲ್ಲವರೂ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕಂಡುದನ್ನು ಕಂಡಂತೆ ಗ್ರಾಮದ ಜನರಿಗೆ ಅವರ ಮಾತಿನಲ್ಲಿಯೇ ಹೇಳಬಲ್ಲವರು ಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಭೂಗರ್ಭಶಾಸ್ತ್ರ, ಯಂತ್ರಶಾಸ್ತ್ರ, ವೈದ್ಯ, ನ್ಯಾಯ ಇವು ಆರೂ ಕೂಡುವ ಸಂಗಮವೇ ಈ ವಿದ್ಯೆ. ಬಿ.ಎಸ್‌ಸಿ. ಅಥವಾ ಇಂಜಿನಿಯರಿಂಗ್ ಪದವಿಯನ್ನು ಪಡೆದವನು ಅದರ ಮೇಲೆ ಎರಡು ವರ್ಷ ಇದೊಂದನ್ನೇ ಅಭ್ಯಾಸ ಮಾಡಿದಲ್ಲದೆ ಕೈಗೆ ಹತ್ತುವಂತಹುದಲ್ಲ.

ಪರದೇಶಗಳ ಅನುಭವವು ಇದನ್ನೇ ಸಾರುತ್ತದೆ. ಅಮೆರಿಕದ ಓಕ್‌ರಿಡ್ಜಿನಲ್ಲಿ ಕೆ–೨೫ ಎಂಬ ಯುರೇನಿಯಮ್ ಸಾರವರ್ಧನದ ಬೃಹತ್ ಕಾರ್ಖಾನೆಯನ್ನು ಯುದ್ಧದ ತುರ್ತಿನಲ್ಲಿ ಎರಡು ವರ್ಷಗಳ ಆಸುಪಾಸಿನಲ್ಲಿ ಎಬ್ಬಿಸಿ ೧೯೪೫ರಲ್ಲಿ ನಡೆಸಿದರು. ಅಲ್ಲಿಯ ಸಾರವರ್ಧನದ ಕಾರ್ಯವು ೧೯೮೫ರಲ್ಲಿ ನಿಂತಿತು. ಆ ಕಟ್ಟಡವು ನೆಲಸಮವಾದುದು ೨೦೧೩ರಲ್ಲಿ. ಇಡೀ ಆವರಣದ ಮುಖ್ಯ ಶುದ್ಧೀಕರಣವು ಮುಗಿದುದು ೨೦೨೦ರಲ್ಲಿ. ಎರಡು ವರ್ಷದ ಪ್ರತಿಷ್ಠೆಗೆ ಮೂವತ್ತೈದು ವರ್ಷದ ವಿಸರ್ಜನೆ! ಅದೇ ದೇಶದ ಹ್ಯಾನ್‌ಫರ್ಡಿನಲ್ಲಿ ಪ್ಲುಟೋನಿಯಮ್ಮನ್ನು ತೆಗೆದುಳಿದ ಸುಮಾರು ೨೧ ಕೋಟಿ ಲೀಟರು ಕಲ್ಮಷವು ೧೭೭ ನೆಲತೊಟ್ಟಿಗಳಲ್ಲಿ ಉಳಿಯಿತು. ೧೯೮೯ರಲ್ಲಿ ಆರಂಭವಾದ ಶುದ್ಧೀಕರಣದ ಒಪ್ಪಂದವು ಇಂದಿಗೂ ತೀರಿಲ್ಲ. ಜಪಾನಿನ ಫುಕುಶಿಮಾದಲ್ಲಿ ೨೦೧೧ರ ಮಾರ್ಚಿನಲ್ಲಿ ಸಮುದ್ರವು ಉಕ್ಕಿ ಮೂರು ರಿಯಾಕ್ಟರುಗಳು ಕರಗಿದುವು. ಒಳಗೆ ಸುಮಾರು ೮೮೦ ಟನ್ ಕರಗಿದ ಇಂಧನವಿದೆಯೆಂದು ಅಂದಾಜು. ಹದಿಮೂರು ವರ್ಷಗಳ ಪ್ರಯತ್ನದ ಮೇಲೆ ೨೦೨೪ರ ನವೆಂಬರಿನಲ್ಲಿ ಹೊರಕ್ಕೆ ಬಂದ ಮೊದಲ ತುಣುಕಿನ ತೂಕ ಒಂದು ಗ್ರಾಮಿಗಿಂತಲೂ ಕಡಮೆ! ಯಂತ್ರೋದ್ಯಮದಲ್ಲಿ ಜಗತ್ತಿಗೆ ಗುರುವಾದ ಜಪಾನಿನ ಪಾಡೇ ಇದಾದರೆ, ಕಲಿಯದೆ ಕುಳಿತವರ ಪಾಡು ಏನಾಗಬೇಕು?

ಈ ಪಾಠವನ್ನು ಕಲಿತ ದೇಶಗಳು ಯಂತ್ರಗಳನ್ನು ಮಾತ್ರವಲ್ಲ, ಮನುಷ್ಯರನ್ನೂ ಸಿದ್ಧಪಡಿಸಲು ತೊಡಗಿವೆ. ಬ್ರಿಟನ್ನಿನಲ್ಲಿ ಹಳೆಯ ಅಣುಸ್ಥಾವರಗಳ ವಿಸರ್ಜನೆಗೆಂದೇ ೨೦೦೫ರಲ್ಲಿ ಒಂದು ಪ್ರತ್ಯೇಕ ಪ್ರಾಧಿಕಾರವು ಸ್ಥಾಪಿತವಾಯಿತು. ೧೯೫೬ರಿಂದ ರಿಯಾಕ್ಟರು ವಿದ್ಯೆಯಲ್ಲಿ ಸ್ನಾತಕೋತ್ತರ ಪದವಿಯನ್ನು ಕೊಡುತ್ತ ಬಂದ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯವು, ಸ್ಥಾವರವಿಸರ್ಜನೆ ಮತ್ತು ಕಲ್ಮಷನಿರ್ವಹಣೆಗೆ ಬೇರೊಂದು ಸ್ನಾತಕೋತ್ತರ ಪದವಿಯನ್ನೇ ಏರ್ಪಡಿಸಿತು. ಕಟ್ಟುವುದನ್ನು ಕಲಿಸಿದ ಪೀಠವೇ ಬಿಚ್ಚುವುದನ್ನೂ ಕಲಿಸತೊಡಗಿದ ಔಚಿತ್ಯವನ್ನು ನೋಡಬೇಕು. ಅಮೆರಿಕದ ಫ್ಲಾರಿಡಾ ಅಂತರರಾಷ್ಟ್ರೀಯ ವಿಶ್ವವಿದ್ಯಾನಿಲಯವು ಅಲ್ಲಿಯ ಶಕ್ತಿ ಇಲಾಖೆಯ ಧನಸಹಾಯದಿಂದ ೨೦೦೭ರಿಂದ ವಿದ್ಯಾರ್ಥಿಗಳನ್ನು ಆಯ್ದು, ಅವರನ್ನು ಹ್ಯಾನ್‌ಫರ್ಡಿನಂತಹ ಸ್ಥಳಗಳ ನಿಜವಾದ ಸಮಸ್ಯೆಗಳ ಮೇಲೆಯೇ ಪಳಗಿಸುತ್ತಿದೆ. ಅವರಲ್ಲಿ ಬಹುಮಂದಿ ಹಿಂದುಳಿದ ಅಲ್ಪಸಂಖ್ಯಾತ ಮನೆತನಗಳ ಮಕ್ಕಳು. ಚಳ್ಳಕೆರೆಯ ವಿಷಯದಲ್ಲಿ ಈ ಕಡೆಯ ಅಂಶವನ್ನು ನಾವು ವಿಶೇಷವಾಗಿ ಗಮನಿಸಬೇಕೆಂದು ಬಿನ್ನವಿಸುತ್ತೇವೆ.

ನಮ್ಮ ದೇಶವು ಈ ವಿದ್ಯೆಯಲ್ಲಿ ಬರಿಗೈಯಲ್ಲಿದೆಯೆಂದು ಹೇಳುವುದು ಅನ್ಯಾಯವಾಗುವುದು. ೧೯೫೬ರಲ್ಲಿ ಟ್ರಾಂಬೆಯಲ್ಲಿ ಹೊತ್ತಿದ ಏಷ್ಯಾದ ಪ್ರಥಮ ರಿಯಾಕ್ಟರುಗಳಲ್ಲೊಂದಾದ ಅಪ್ಸರೆಯನ್ನು ೨೦೦೯ರಲ್ಲಿ ನಿಲ್ಲಿಸಿ, ಅದರ ಭಾಗಗಳನ್ನು ಬಿಚ್ಚಿ ತೆಗೆದು, ೨೦೧೮ರಲ್ಲಿ ಅದೇ ಎಡೆಯಲ್ಲಿ ಹೊಸ ಅಪ್ಸರೆಯನ್ನು ಎಬ್ಬಿಸಿದವರು ನಮ್ಮವರೇ. ರಾಜಸ್ಥಾನದ ಎರಡನೆಯ ಘಟಕದಲ್ಲಿ ೧೯೯೦ರ ದಶಕದಲ್ಲಿಯೇ ರಿಯಾಕ್ಟರಿನ ಒಡಲಿನ ನಾಳಗಳನ್ನೆಲ್ಲ ಹೊರತೆಗೆದು ಹೊಸದನ್ನು ಕೂಡಿಸಿದರು. ವಿಕಿರಣದ ನಡುವೆ ಮಾಡಿದ ಈ ಶಸ್ತ್ರಚಿಕಿತ್ಸೆಯು ವಿಸರ್ಜನೆಯ ವಿದ್ಯೆಗೆ ಅರ್ಧ ದಾರಿಯೇ ಸರಿ. ಆದರೆ ಸೈರಸ್ ರಿಯಾಕ್ಟರು ಐವತ್ತು ವರ್ಷ ದುಡಿದು ೨೦೧೦ರ ಡಿಸೆಂಬರಿನಲ್ಲಿ ಶಾಶ್ವತವಾಗಿ ನಿಂತಿತು. ರಾಜಸ್ಥಾನದ ಮೊದಲನೆಯ ಘಟಕವು ೨೦೦೪ರಿಂದ ನಡೆಯುತ್ತಿಲ್ಲ. ತಾರಾಪುರದ ಮೊದಲೆರಡು ಘಟಕಗಳು ೧೯೬೯ರವು. ಇವುಗಳ ಹಿಂದೆಯೇ ಮುದಿಯಾಗುವ ಸರದಿ ಉಳಿದುವುಗಳದು. ನಮ್ಮ ಕೈಗಾದಲ್ಲಿರುವ ೨೨೦ ಮೆಗಾವ್ಯಾಟಿನ ನಾಲ್ಕು ಘಟಕಗಳ ಪೈಕಿ ಮೊದಲಿನವು ೨೦೦೦ದಲ್ಲಿ ದುಡಿಮೆಗೆ ಇಳಿದವು. ಅವುಗಳಿಗೂ ಕಾಲವು ಬಾರದೆ ಇರದು. ಇತ್ತ ಕೇಂದ್ರ ಸರ್ಕಾರವು ೨೦೪೭ರ ವೇಳೆಗೆ ಒಂದು ಲಕ್ಷ ಮೆಗಾವ್ಯಾಟ್ ಅಣುವಿದ್ಯುತ್ತಿನ ಗುರಿಯನ್ನು ಸಾರಿದೆ. ೨೦೨೫ರ ಡಿಸೆಂಬರಿನಲ್ಲಿ ಸಂಸತ್ತು ಹೊಸ ಶಾಸನವನ್ನು ಅಂಗೀಕರಿಸಿ ಖಾಸಗಿ ಕಂಪೆನಿಗಳಿಗೂ ಈ ಕ್ಷೇತ್ರದ ಬಾಗಿಲನ್ನು ತೆರೆದಿದೆ. ಕಟ್ಟುವವರ ಸಂಖ್ಯೆಯು ಹೆಚ್ಚಿದಂತೆಲ್ಲ ಬಿಚ್ಚಬಲ್ಲವರ ಸಂಖ್ಯೆಯೂ ಹೆಚ್ಚಬೇಡವೆ?

ದ್ರವ್ಯದ ವಿಷಯದಲ್ಲಿ ನಮ್ಮವರು ಮುಂದಾಲೋಚನೆಯನ್ನು ಮಾಡಿರುವರು. ಅಣುವಿದ್ಯುತ್ತಿನ ಪ್ರತಿಯೊಂದು ಯೂನಿಟ್ಟಿನ ಬೆಲೆಯಲ್ಲಿಯೂ ಎರಡು ಪೈಸೆಯನ್ನು ವಿಸರ್ಜನೆಯ ನಿಧಿಗೆಂದು ಎತ್ತಿಡುವ ಪದ್ಧತಿಯು ಬಹುಕಾಲದಿಂದ ಇದೆ. ಕೈಗಾದ ಒಂದು ಘಟಕವು ಹಗಲಿರುಳು ಪೂರ್ಣಶಕ್ತಿಯಿಂದ ನಡೆದರೆ ದಿನಕ್ಕೆ ಸುಮಾರು ೫೩ ಲಕ್ಷ ಯೂನಿಟ್ಟಾಗುವುದು. ಎರಡು ಪೈಸೆಯಂತೆ ದಿನವೊಂದಕ್ಕೆ ಒಂದು ಲಕ್ಷ ರೂಪಾಯಿಗೂ ಮಿಕ್ಕು ಕೂಡುವುದು. ಸಂತೋಷವೇ. ಆದರೆ ಉಳ್ಳಾರ್ತಿಯ ಸ್ಥಾವರವು ಯಾವ ಗ್ರಾಹಕನಿಗೂ ವಿದ್ಯುತ್ತನ್ನು ಮಾರುವಂತಹುದಲ್ಲ. ಎರಡು ಪೈಸೆಯ ಈ ದಾರಿ ಅದಕ್ಕಿಲ್ಲ. ಅದರ ವಿಸರ್ಜನೆಯ ಭಾರವು ಬೊಕ್ಕಸದ ಮೇಲೆಯೇ ಬೀಳತಕ್ಕದ್ದು. ಇನ್ನು, ಹಣವನ್ನು ಕೂಡಿಟ್ಟ ಮಾತ್ರಕ್ಕೆ ಕೆಲಸವು ತಾನೇ ನಡೆಯುವುದೆ? ಬಾವಿ ತೋಡಲು ಗಂಟಿನಲ್ಲಿ ರೂಪಾಯಿ ಇದ್ದು ಊರಿನಲ್ಲಿ ತೋಡುವವನಿಲ್ಲದಿದ್ದರೆ ನೀರು ಬರದು. ಪೈಸೆಯ ನಿಧಿಯೊಡನೆ ವಿದ್ಯೆಯ ನಿಧಿಯನ್ನೂ ಇಂದೇ ಆರಂಭಿಸತಕ್ಕದ್ದು. ಹಣವನ್ನು ಸಾಲವಾಗಿ ತರಬಹುದು. ಅನುಭವವನ್ನು ಸಾಲ ತರಲಾಗದು.

ಇಂತಹ ವಿದ್ಯೆಯಿಲ್ಲದಿದ್ದರೆ ಆಗುವುದೇನೆಂಬುದಕ್ಕೆ ದೆಹಲಿಯ ಮಾಯಾಪುರಿಯ ಪ್ರಸಂಗವೇ ಸಾಕ್ಷಿ. ದೆಹಲಿ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರ ವಿಭಾಗವು ೧೯೬೮ರಲ್ಲಿ ಕೋಬಾಲ್ಟ್–೬೦ ಎಂಬ ವಿಕಿರಣದ್ರವ್ಯವನ್ನುಳ್ಳ ಯಂತ್ರವೊಂದನ್ನು ತರಿಸಿತ್ತು. ೧೯೮೫ರಿಂದ ಅದು ಬಳಕೆಯಿಲ್ಲದೆ ಮೂಲೆಗೆ ಬಿತ್ತು. ೨೦೧೦ರ ಫೆಬ್ರವರಿಯಲ್ಲಿ ಅದನ್ನು ಹಳೆಯ ಸಾಮಾನುಗಳೊಡನೆ ಹರಾಜು ಹಾಕಿದರು. ಗುಜರಿಯ ಅಂಗಡಿಗಳಲ್ಲಿ ಬಡ ಕೂಲಿಗಳು ಅದನ್ನು ಕೈಯಾರೆ ಒಡೆದರು. ಏಪ್ರಿಲಿನಲ್ಲಿ ಒಬ್ಬನು ಮಡಿದನು. ಹಲವರು ಸುಟ್ಟ ಗಾಯಗಳಿಂದಲೂ ರಕ್ತಕ್ಷಯದಿಂದಲೂ ಆಸ್ಪತ್ರೆಯನ್ನು ಸೇರಿದರು. ಶತ್ರುವಿನ ಬಾಂಬಲ್ಲ, ಭೂಕಂಪವಲ್ಲ. ಯಂತ್ರದ ಅಂತ್ಯಕ್ರಿಯೆಯನ್ನು ಅರಿತವನೊಬ್ಬನು ಆ ಎಡೆಯಲ್ಲಿ ಇಲ್ಲದಿದ್ದುದೇ ಒಂದು ಪ್ರಾಣಕ್ಕೆ ಎರವಾಯಿತು. ಅದೂ ಎಲ್ಲಿ? ವಿದ್ಯೆಯ ಮನೆಯಲ್ಲಿ. ಯಂತ್ರವನ್ನು ತರಿಸಿದವರಿಗೂ ವಿಲೇವಾರಿ ಮಾಡಿದವರಿಗೂ ನಡುವೆ ನಾಲ್ವತ್ತೆರಡು ವರ್ಷಗಳಿದ್ದುವು; ಆ ಅಂತರವನ್ನು ದಾಟಿಸಬಲ್ಲ ಶಿಕ್ಷಣವಿರಲಿಲ್ಲ.

ಕರ್ನಾಟಕದಲ್ಲಿಯೂ ವಿಸರ್ಜನೆಯನ್ನು ಮರೆತ ಪ್ರತಿಷ್ಠೆಯ ಕುರುಹು ಕಣ್ಣಮುಂದೆಯೇ ಇದೆ. ಕೋಲಾರದ ಚಿನ್ನದ ಗಣಿಯು ೨೦೦೧ರ ಫೆಬ್ರವರಿಯಲ್ಲಿ ಮುಚ್ಚಿತು. ನೂರಿಪ್ಪತ್ತು ವರ್ಷ ಚಿನ್ನವನ್ನು ತೆಗೆದು, ಅರೆದುಳಿದ ಮೂರು ಕೋಟಿ ಟನ್ನಿಗೂ ಮಿಕ್ಕ ಮಣ್ಣನ್ನು ಹದಿಮೂರು ಗುಡ್ಡಗಳಾಗಿ ಒಟ್ಟಿ ಹೋದರು. ಊರಿನವರು ಅವನ್ನು ಸೈನೈಡ್ ದಿಬ್ಬಗಳೆನ್ನುವರು. ಗಾಳಿ ಎದ್ದಾಗ ಅದರ ಧೂಳು ಅನ್ನದ ತಟ್ಟೆಗೂ ಬಂದು ಬೀಳುವುದು. ಚಿನ್ನದ ಸುಖವನ್ನು ಉಂಡವರು ಲಂಡನ್ನಿನವರು. ಧೂಳಿನ ಪಾಲು ಕೆಲಸ ಕಳೆದುಕೊಂಡ ಕೂಲಿಯ ಮಕ್ಕಳಿಗೆ. ಗಣಿಯ ವಿದ್ಯೆಯನ್ನು ಜಗತ್ತಿಗೆ ಕಲಿಸಿದ ಆ ಊರು ಗಣಿಯನ್ನು ಮುಚ್ಚುವ ವಿದ್ಯೆಯ ಒಂದು ಶಾಲೆಯನ್ನು ಪಡೆದಿದ್ದರೆ, ಸ್ಥಳದ ಯುವಕರಿಗೆ ಅನ್ನವೂ ದಿಬ್ಬಗಳಿಗೆ ಹಸಿರೂ ಒಟ್ಟಿಗೆ ದೊರೆಯುತ್ತಿದ್ದುವು. ಚಳ್ಳಕೆರೆಯು ಮತ್ತೊಂದು ಕೋಲಾರವಾಗಬಾರದೆಂಬುದೇ ನಮ್ಮ ಕಳಕಳಿ.

ಅಳತೆಯ ಬೆಲೆಯೇನೆಂಬುದನ್ನು ಕೈಗಾ ತೋರಿಸಿಕೊಟ್ಟಿದೆ. ೨೦೦೯ರ ನವೆಂಬರಿನಲ್ಲಿ ಅಲ್ಲಿಯ ಕುಡಿಯುವ ನೀರಿನ ಕೂಲರೊಂದಕ್ಕೆ ಟ್ರಿಟಿಯಮ್ ಬೆರೆತು ಐವತ್ತಕ್ಕೂ ಮೇಲ್ಪಟ್ಟ ಕೆಲಸಗಾರರ ದೇಹವನ್ನು ಸೇರಿತ್ತು. ಕಣ್ಣಿಗಾಗಲಿ ನಾಲಗೆಗಾಗಲಿ ತಿಳಿಯದ ಆ ದೋಷವು ಹೊರಬಿದ್ದುದು ನೌಕರರ ಮೂತ್ರವನ್ನು ತಪ್ಪದೆ ಪರೀಕ್ಷಿಸುವ ಪದ್ಧತಿಯಿದ್ದುದರಿಂದಲೇ. ಅದೇ ಕೈಗಾದ ಸುತ್ತಣ ಮಣ್ಣು, ನೀರು, ಎಲೆ, ಮೀನುಗಳ ಸ್ವಾಭಾವಿಕ ವಿಕಿರಣವನ್ನು ಸ್ಥಾವರವು ನಡೆಯುವುದಕ್ಕೆ ಮೊದಲೇ ಮಂಗಳೂರು ವಿಶ್ವವಿದ್ಯಾನಿಲಯದ ಅಧ್ಯಾಪಕರೂ ವಿದ್ಯಾರ್ಥಿಗಳೂ ಅಳೆದು ದಾಖಲೆ ಮಾಡಿದರು. ಆ ಶ್ರಮದ ಫಲವಾಗಿ ಇಂದು ಕೊಣಾಜೆಯಲ್ಲಿ ಪರಿಸರ ವಿಕಿರಣದ ಸಂಶೋಧನೆಗೆಂದೇ ಒಂದು ಕೇಂದ್ರವು ಬೆಳೆದು ನಿಂತಿದೆ. ಸ್ಥಾವರದ ನೌಕರರಲ್ಲದ ಕನ್ನಡದ ಮಕ್ಕಳು ಮಾಡಿದ ಕೆಲಸವಿದು. ಸಹ್ಯಾದ್ರಿಯ ಕಾಡಿಗೆ ದೊರೆತ ಈ ಭಾಗ್ಯವು ಬಯಲುಸೀಮೆಗೆ ಏಕೆ ದೊರೆಯಬಾರದು?

ಬಯಲುಸೀಮೆಗೆ ಅದರ ಆವಶ್ಯಕತೆಯು ಹೆಚ್ಚೆಂದೇ ಹೇಳಬೇಕು. ಮೊಳಕಾಲ್ಮೂರು, ಚಳ್ಳಕೆರೆಗಳು ರಾಜ್ಯದಲ್ಲಿಯೇ ಅತ್ಯಂತ ಕಡಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನವು. ಇಲ್ಲಿಯ ಜನರು ಆಳವಾದ ಕೊಳವೆಬಾವಿಗಳನ್ನೇ ನೆಚ್ಚಿದವರು. ಆ ನೀರಿನಲ್ಲಿ ಫ್ಲೋರೈಡಿನ ಹಾವಳಿಯು ಬಹುಕಾಲದ್ದು. ಪೂರ್ವ ಕರ್ನಾಟಕದ ಗ್ರಾನೈಟ್ ಬಂಡೆಗಳ ಬಿರುಕುಗಳಿಂದ ಬರುವ ಅಂತರ್ಜಲದಲ್ಲಿ ಯುರೇನಿಯಮ್ಮಿನ ಅಂಶವೂ ಸ್ವಾಭಾವಿಕವಾಗಿಯೇ ಇರುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯು ಒಪ್ಪಿರುವ ಮಿತಿಯು ಲೀಟರಿಗೆ ೩೦ ಮೈಕ್ರೋಗ್ರಾಮ್. ವಾಚಕರು ಯೋಚಿಸಿ ನೋಡಬೇಕು. ಉಳ್ಳಾರ್ತಿಯ ಸ್ಥಾವರದಲ್ಲಿ ಬಳಸುವ ಎರಡು ಮುಖ್ಯ ವಸ್ತುಗಳು ಯುರೇನಿಯಮ್ ಮತ್ತು ಫ್ಲೋರಿನ್; ಈ ಎರಡರ ಅಂಶಗಳೂ ನಮ್ಮ ನೆಲದ ನೀರಿನಲ್ಲಿ ಮೊದಲೇ ಇರತಕ್ಕವು. ನಾಳೆ ಯಾವುದೋ ಹಳ್ಳಿಯ ಬಾವಿಯಲ್ಲಿ ಇವು ಹೆಚ್ಚಾಗಿ ಕಂಡವೆನ್ನೋಣ. ಗ್ರಾಮಸ್ಥರು ಸ್ಥಾವರದಿಂದಲೇ ಬಂದಿತೆನ್ನುವರು. ಅಧಿಕಾರಿಗಳು ಬಂಡೆಯಿಂದ ಬಂದಿತೆನ್ನುವರು. ಮೊದಲಳತೆಯಿಲ್ಲದೆ ಈ ವ್ಯಾಜ್ಯವನ್ನು ಬ್ರಹ್ಮನೂ ತೀರಿಸಲಾರನು. ನಿರ್ದೋಷಿಯಾದ ಸ್ಥಾವರಕ್ಕೆ ಅಪವಾದವೂ ತಪ್ಪದು. ದೋಷವಿದ್ದರೆ ಹಳ್ಳಿಗೆ ನ್ಯಾಯವೂ ದೊರೆಯದು. ಊರೂರಿನ ಬಾವಿ, ಕೆರೆ, ಹಾಲು, ಶೇಂಗಾ, ಹುಲ್ಲು ಇವುಗಳ ಲೆಕ್ಕವನ್ನು ಇಂದು ಬರೆದಿಡುವವರೇ ನಾಳೆ ವಿಸರ್ಜನೆಯ ದಿನದಲ್ಲಿ ನೆಲವು ಶುದ್ಧವಾಯಿತೋ ಇಲ್ಲವೋ ಎಂದು ಹೇಳಬಲ್ಲವರು. ಯಾವ ಸ್ಥಿತಿಗೆ ಹಿಂದಿರುಗಿಸಬೇಕೆಂಬುದೇ ಗೊತ್ತಿಲ್ಲದಿದ್ದರೆ ಹಿಂದಿರುಗಿಸುವುದೆಂತು?

ಮೊಳಕಾಲ್ಮೂರಿನವರಿಗೆ ಈ ವಿಷಯದಲ್ಲಿ ಮನೆಯಂಗಳದಲ್ಲಿಯೇ ಒಂದು ಪಾಠವಿದೆ. ಆ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಧರ್ಮಶಾಸನಗಳನ್ನು ಕೊರೆಯಿಸಿದನು. ಇಸಿಲವೆಂಬ ಪಟ್ಟಣದ ಅಧಿಕಾರಿಗಳಿಗೆ ಕಳುಹಿಸಿದ ಆಜ್ಞೆ ಅದು. ಹಿರಿಯರ ಸೇವೆ, ಪ್ರಾಣಿದಯೆ, ಸತ್ಯವನ್ನು ನುಡಿಯುವುದು, ಶಿಷ್ಯನು ಆಚಾರ್ಯನನ್ನು ಗೌರವಿಸುವುದು, ಇವು ಅದರ ತಾತ್ಪರ್ಯ. ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನೂ ಅಲ್ಲಿ ಉಳಿಸಿ ಹೋದನು. ಕಲ್ಲು ಉಳಿಯಿತು, ಅಕ್ಷರವೂ ಉಳಿಯಿತು. ಆದರೆ ಓದುವ ವಿದ್ಯೆಯ ಪರಂಪರೆಯು ನಡುವೆ ಎಲ್ಲಿಯೋ ಕಡಿದುಹೋಯಿತು. ಬ್ರಾಹ್ಮೀ ಲಿಪಿಯನ್ನು ೧೮೩೭ರಲ್ಲಿ ಪ್ರಿನ್ಸೆಪ್ಪನು ಬಿಡಿಸಿ, ೧೮೯೨ರಲ್ಲಿ ಬಿ. ಎಲ್. ರೈಸರು ಈ ಬಂಡೆಗಳನ್ನು ಗುರುತಿಸುವವರೆಗೆ, ಸಮೀಪದಲ್ಲಿ ಕುರಿ ಕಾಯುವವರಿಗೆ ಅವು ಬರಿಯ ಗೀರುಗಳಾಗಿದ್ದುವು.

ಚಕ್ರವರ್ತಿಯ ಆಜ್ಞೆಯನ್ನು ಓದಲಾಗದೆ ಹೋದುದರಿಂದ ಯಾರ ಪ್ರಾಣವೂ ಹೋಗಲಿಲ್ಲ. ಆದರೆ ಅಣುಕಲ್ಮಷವನ್ನು ಹೂತಿಟ್ಟ ನೆಲದ ಎಚ್ಚರಿಕೆಯ ಹಲಗೆಯನ್ನು ಓದಲಾಗದೆ ಹೋದರೆ ಹಾಗಾಗದು. ಪ್ಲುಟೋನಿಯಮ್ಮಿನ ತೀಕ್ಷ್ಣತೆಯು ಅರ್ಧವಾಗುವುದಕ್ಕೆ ೨೪,೦೦೦ ವರ್ಷಕ್ಕೂ ಮಿಕ್ಕ ಕಾಲ ಬೇಕು. ಸ್ವಾಭಾವಿಕ ಯುರೇನಿಯಮ್ಮಿಗೆ ಬೇಕಾದುದು ೪೪೭ ಕೋಟಿ ವರ್ಷ. ಇಷ್ಟು ಕಾಲ ನೆನಪನ್ನು ಕಾಯಬಲ್ಲ ಶಿಲೆಯಾಗಲಿ, ಕಾಗದವಾಗಲಿ ಇಲ್ಲ. ಗುರುವಿನಿಂದ ಶಿಷ್ಯನಿಗೆ, ಅವನಿಂದ ಅವನ ಶಿಷ್ಯನಿಗೆ ಸಲ್ಲುವ ವಿದ್ಯಾಪರಂಪರೆಯೊಂದೇ ಅದಕ್ಕೆ ಸಾಧನ. ವಿಸರ್ಜನೆಯ ವಿದ್ಯೆಗೆ ಪಾಠಶಾಲೆಯು ಬೇಕೆಂದು ನಾವು ಹೇಳುವುದಕ್ಕೆ ಮುಖ್ಯ ಕಾರಣವು ಇದೇ. ವರದಿಗಳು ಕಪಾಟಿನಲ್ಲಿ ಉಳಿಯುವುವು. ವಿದ್ಯೆಯು ಮನುಷ್ಯರಲ್ಲಿ ಉಳಿಯುವುದು.

ಹಾಗಾದರೆ ಮಾಡತಕ್ಕುದೇನು? ಕಟ್ಟಡವನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. ಕುದಾಪುರದಲ್ಲಿ ವಿಜ್ಞಾನ ಮಂದಿರದ ವಿಶಾಲವಾದ ಆವರಣವಿದೆ. ಅಲ್ಲಿಯ ಪ್ರತಿಭಾ ವಿಕಾಸ ಕೇಂದ್ರದಲ್ಲಿ ಶಾಲಾ ಕಾಲೇಜುಗಳ ಉಪಾಧ್ಯಾಯರಿಗೆ ಪ್ರಯೋಗವಿಜ್ಞಾನದ ಶಿಕ್ಷಣವು ದೊರೆಯುತ್ತಿದೆ. ಚಿತ್ರದುರ್ಗದ ಗುಡ್ಡದ ರಂಗವ್ವನಹಳ್ಳಿಯಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಿದೆ. ಕೊಣಾಜೆಯಲ್ಲಿ ಅಳತೆಯ ಅನುಭವವಿದೆ. ಟ್ರಾಂಬೆಯಲ್ಲಿ ಅಪ್ಸರೆಯನ್ನು ಬಿಚ್ಚಿದವರ ಕೈಗಳಿವೆ. ೨೦೦೫ರಿಂದ ಪದವಿ ಕೊಡುವ ಅಧಿಕಾರವುಳ್ಳ ಹೋಮಿ ಭಾಭಾ ರಾಷ್ಟ್ರೀಯ ಸಂಸ್ಥೆಯೂ ಇದೆ. ಇವರೆಲ್ಲರೂ ಕೂಡಿ ಸ್ಥಾವರವಿಸರ್ಜನೆ ಮತ್ತು ನೆಲಜಲಶುದ್ಧಿಯಲ್ಲಿ ಎರಡು ವರ್ಷಗಳ ಸ್ನಾತಕೋತ್ತರ ತರಗತಿಯೊಂದನ್ನು ಚಳ್ಳಕೆರೆಯಲ್ಲಿ ಏರ್ಪಡಿಸಲಿ. ಮೊದಲನೆಯ ವರ್ಷದಲ್ಲಿ ಶಾಸ್ತ್ರಪಾಠವೂ, ಎರಡೂ ತಾಲ್ಲೂಕುಗಳ ಬಾವಿ ಹೊಲಗಳ ಮೊದಲಳತೆಯೂ ನಡೆಯಲಿ. ಎರಡನೆಯ ವರ್ಷದಲ್ಲಿ ಒಂದು ತಂಡವು ಕೋಲಾರದ ದಿಬ್ಬಗಳ ಮೇಲೆ, ಒಂದು ಕೈಗಾದಲ್ಲಿ, ಒಂದು ಟ್ರಾಂಬೆಯಲ್ಲಿ ಕೈಕೆಲಸವನ್ನು ಕಲಿಯಲಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಅಳತೆಯ ಫಲಿತಾಂಶವನ್ನು ಗ್ರಾಮಸಭೆಯ ಮುಂದೆ ಕನ್ನಡದಲ್ಲಿ ಓದಿ ಹೇಳುವುದು ಪರೀಕ್ಷೆಯ ಒಂದು ಅಂಗವೇ ಆಗಿರಲಿ. ಕಾವಲುಗಳಿಗೆ ಹೊಂದಿಕೊಂಡ ಹಳ್ಳಿಗಳ ಮಕ್ಕಳಿಗೆ ಕೆಲವು ಸ್ಥಾನಗಳೂ ವಿದ್ಯಾರ್ಥಿವೇತನವೂ ಮೀಸಲಾಗಿರಲಿ.

ನಾಯಕನಹಟ್ಟಿಯ ತಿಪ್ಪೇಸ್ವಾಮಿಯವರ ಹೆಸರಿನಲ್ಲಿ ಮಾಡಿದಷ್ಟು ನೀಡು ಭಿಕ್ಷೆ ಎಂಬ ಮಾತು ಈ ಸೀಮೆಯ ಮನೆಮನೆಯಲ್ಲಿಯೂ ನಡೆಯುತ್ತದೆ. ಕೆರೆಯನ್ನು ತೋಡಿದವನಿಗೆ ತೋಡಿದಷ್ಟು ಸಲ್ಲಬೇಕೆಂಬುದು ಅದರ ನ್ಯಾಯ. ಹುಲ್ಲುಗಾವಲನ್ನು ಬಿಟ್ಟುಕೊಟ್ಟವನಿಗೆ ಸಲ್ಲತಕ್ಕುದು ಬೇಲಿಯ ಬಾಗಿಲಿನಲ್ಲಿ ಕಾವಲುಗಾರನ ಕೋಲೇ? ಬಿ.ಎಸ್‌ಸಿ. ಮುಗಿಸಿದ ಕುರಿಗಾಹಿಯ ಮಗನೂ, ಮೊಳಕಾಲ್ಮೂರಿನ ಮಗ್ಗದ ಮನೆಯ ಮಗಳೂ ಬೆಂಗಳೂರಿನಲ್ಲಿ ಚಿಲ್ಲರೆ ಸಂಬಳಕ್ಕೆ ಅಲೆಯುತ್ತಿರುವಾಗ, ಅವರ ಮನೆಯ ಮುಂದಿನ ಸ್ಥಾವರವನ್ನು ಅಳೆಯುವುದಕ್ಕೆ ದೂರದವರು ಬರುವುದು ಸಹಜವೆಂದು ನಾವು ಒಪ್ಪಲಾರೆವು. ೧೯೦೯ರಲ್ಲಿ ಮೈಸೂರು ಸಂಸ್ಥಾನವು ಕೊಟ್ಟ ಭೂಮಿಯ ಮೇಲೆ ವಿಜ್ಞಾನ ಮಂದಿರವು ಎದ್ದಿತು. ಅದು ಬೆಂಗಳೂರಿಗೆ ವಿದ್ಯೆಯನ್ನೂ ಕೀರ್ತಿಯನ್ನೂ ತಂದಿತು. ಚಳ್ಳಕೆರೆಯ ದಾನವು ಅದಕ್ಕಿಂತ ಎಷ್ಟೋ ಪಾಲು ದೊಡ್ಡದು.

ಇದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ನಾವು ಬಲ್ಲೆವು. ಹುಟ್ಟಿದ ಮಗುವಿನ ಮುಂದೆ ಶ್ರಾದ್ಧದ ಮಾತೇಕೆ ಎನ್ನುವರು ಕೆಲವರು. ಓಕ್‌ರಿಡ್ಜನ್ನು ಕಟ್ಟಿದವರೂ ಹಾಗೆಯೇ ಎಂದುಕೊಂಡಿದ್ದರು; ಅದರ ಬೆಲೆಯನ್ನು ಮೊಮ್ಮಕ್ಕಳು ತೆತ್ತರು. ಬಿಚ್ಚುವವನ ಸಲಹೆಯನ್ನು ಕಟ್ಟುವಾಗಲೇ ಕೇಳಿದರೆ, ತೊಳೆಯಲು ಸುಲಭವಾಗುವ ಗೋಡೆಯನ್ನೂ ಕಳಚಲು ಅನುಕೂಲವಾದ ಕೊಳವೆಯನ್ನೂ ಮೊದಲೇ ಇಡಬಹುದು. ಇನ್ನು ಕೆಲವರು, ಉಳ್ಳಾರ್ತಿಯದು ದೇಶರಕ್ಷಣೆಗೆ ಸಂಬಂಧಿಸಿದ ರಹಸ್ಯ. ಅದರ ಬಳಿ ವಿದ್ಯಾರ್ಥಿಗಳನ್ನು ಬಿಡಲಾದೀತೆ ಎನ್ನುವರು. ಯಂತ್ರದ ರಹಸ್ಯವು ಬೇಲಿಯ ಒಳಗೇ ಇರಲಿ. ಅದನ್ನು ನಾವೂ ಕೇಳುವುದಿಲ್ಲ. ಬೇಲಿಯ ಹೊರಗಿನ ಬಾವಿಯ ನೀರಿನಲ್ಲಿ ಯಾವ ರಹಸ್ಯವಿದೆ? ದೇಶಭಕ್ತಿಗೂ ಬಾವಿಯ ನೀರಿನ ಲೆಕ್ಕಕ್ಕೂ ವಿರೋಧವಿಲ್ಲ. ಅಣುಶಕ್ತಿಯನ್ನು ನಿಯಂತ್ರಿಸುವ ಮಂಡಲಿಯು ೧೯೮೩ರಿಂದ ಇರುವಾಗ ಬೇರೆ ಕಣ್ಣುಗಳೇಕೆ ಎಂಬುದು ಮೂರನೆಯ ಮಾತು. ಮಂಡಲಿಯ ಪರಿಶೀಲಕರೂ ಯಾವುದೋ ಶಾಲೆಯಲ್ಲಿ ಕಲಿತೇ ಬರಬೇಕಲ್ಲವೆ? ಲೆಕ್ಕಪರಿಶೋಧಕನಿದ್ದಾನೆಂದು ಅಂಗಡಿಯವನು ಲೆಕ್ಕವನ್ನು ಕಲಿಯದೆ ಇರುವನೆ?

ನೆರೆಯ ತುಮಕೂರು ಜಿಲ್ಲೆಯಲ್ಲಿ ಜನಿಸಿದ ಡಾಕ್ಟರ್ ರಾಜಾ ರಾಮಣ್ಣನವರು ಟ್ರಾಂಬೆಯ ತರಬೇತಿ ಶಾಲೆಯನ್ನು ೧೯೫೭ರಲ್ಲಿ ಕಟ್ಟಿ ಬೆಳೆಸಿದವರಲ್ಲಿ ಅಗ್ರಗಣ್ಯರು. ಆಗ ನಮ್ಮಲ್ಲಿ ಹೇಳಿಕೊಳ್ಳುವಂತಹ ಅಣುವಿದ್ಯುತ್ತೇ ಇರಲಿಲ್ಲ. ತಾರಾಪುರವು ಹನ್ನೆರಡು ವರ್ಷ ಮುಂದಿತ್ತು. ಸ್ಥಾವರವು ಬರುವುದಕ್ಕೆ ಮುಂಚೆ ಮನುಷ್ಯರು ಸಿದ್ಧರಾಗಿರಬೇಕೆಂಬ ದೂರದೃಷ್ಟಿಯು ಆ ಹಿರಿಯರಿಗಿತ್ತು. ಕಟ್ಟುವ ವಿದ್ಯೆಗೆ ಅವರು ತೋರಿದ ದೂರದೃಷ್ಟಿಯನ್ನು ಬಿಚ್ಚುವ ವಿದ್ಯೆಗೆ ನಾವು ತೋರಬೇಕಾಗಿದೆ. ಇಂದು ಇಪ್ಪತ್ತೆರಡು ವರ್ಷದ ವಿದ್ಯಾರ್ಥಿಯು ಈ ತರಗತಿಯನ್ನು ಸೇರಿದರೆ, ಉಳ್ಳಾರ್ತಿಯ ಕೊಳವೆಗಳು ನಿಲ್ಲುವ ಕಾಲಕ್ಕೆ ಅವನು ಇಲ್ಲವೆ ಅವನ ಶಿಷ್ಯನು ಅನುಭವಸ್ಥನಾಗಿ ನಿಂತಿರುವನು. ಹತ್ತು ವರ್ಷ ತಡಮಾಡಿದರೆ ಆ ಸರಪಣಿಯ ಮೊದಲ ಕೊಂಡಿಯೇ ಇಲ್ಲದಂತಾಗುವುದು.

ಆದುದರಿಂದ ಮುಂದಿನ ಆಯವ್ಯಯದಲ್ಲಿ ಈ ತರಗತಿಗೆ ಹಣವನ್ನು ಒದಗಿಸುವಂತೆ ರಾಜ್ಯ ಸರ್ಕಾರವನ್ನೂ, ಅಧ್ಯಾಪಕರನ್ನು ಎರವಲಾಗಿ ಕೊಡುವಂತೆ ಅಣುಶಕ್ತಿ ಇಲಾಖೆಯನ್ನೂ, ಅಂಗಳವನ್ನು ತೆರೆಯುವಂತೆ ವಿಜ್ಞಾನ ಮಂದಿರವನ್ನೂ ನಾವು ಪ್ರಾರ್ಥಿಸುತ್ತೇವೆ. ಎರಡೂ ತಾಲ್ಲೂಕುಗಳ ಪಂಚಾಯಿತಿಗಳು ಸರ್ಕಾರದ ಉತ್ತರಕ್ಕೆ ಕಾದು ಕೂರದೆ, ತಮ್ಮ ಬಾವಿಗಳ ನೀರನ್ನು ಈ ಬೇಸಗೆಯಲ್ಲಿಯೇ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ದಿನಾಂಕಸಹಿತ ಚಾವಡಿಯ ಪುಸ್ತಕದಲ್ಲಿ ಬರೆದಿಡಲಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.